ನಿಷ್ಪ್ರತೀಕಾರವೆಂದು ನುಡಿಯುವ ಮುನ್ನ

ಕೊಪಣವೆಂಬ ಹೆಸರು ಕಿವಿಗೆ ಬಿದ್ದೊಡನೆ ಜೈನನಾದವನ ತಲೆ ತಾನಾಗಿಯೇ ಬಾಗುತ್ತದೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಇಂದಿನ ಕೊಪ್ಪಳವೇ ಆ ಕೊಪಣ. ಅಶೋಕನ ಶಾಸನವಿರುವ ಪಾಲ್ಕಿಗುಂಡಿನ ಬಳಿಯಲ್ಲಿಯೇ ವರಾಂಗಚರಿತದ ಕರ್ತೃಗಳಾದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬ ಭಕ್ತನು ಕಡೆಯಿಸಿದ್ದಾನೆ. ಶಕ ೮೦೩ರ, ಎಂದರೆ ಕ್ರಿ.ಶ. ೮೮೧ರ ಶಾಸನವೊಂದು ಕುಂದಕುಂದಾನ್ವಯದ ಸರ್ವನಂದಿ ಭಟಾರರು ಇಲ್ಲಿ ನೆಲಸಿ, ಊರಿಗೂ ತೀರ್ಥಕ್ಕೂ ಹಿತವನ್ನು ಮಾಡಿ, ದೀರ್ಘಕಾಲ ತಪಸ್ಸಿನಲ್ಲಿದ್ದು, ಕಡೆಗೆ ಸಂನ್ಯಸನ ವಿಧಿಯಿಂದ ದೇಹವನ್ನು ಬಿಟ್ಟುದನ್ನು ತಿಳಿಸುತ್ತದೆ. ಇಂತಹ ನೆಲದಲ್ಲಿ ಹುಟ್ಟಿ ಬೆಳೆದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಶ್ರಾವಕ ಕುಟುಂಬಗಳಲ್ಲಿ ಸಲ್ಲೇಖನವೆಂಬುದು ಗ್ರಂಥದೊಳಗಿನ ಮಾತಷ್ಟೇ ಅಲ್ಲ. ಅದು ಅಜ್ಜ ಅಜ್ಜಿಯರ ಬಾಯಲ್ಲಿ ನಿತ್ಯವೂ ಸುಳಿಯುವ ಹಾರೈಕೆ. ‘ಸಮಾಧಿಮರಣವಾಗಲಿ’ ಎಂದು ಜಿನಬಿಂಬದ ಮುಂದೆ ಕೈಮುಗಿಯದ ಹಿರಿಯರು ನಮ್ಮಲ್ಲಿ ವಿರಳ.

ಆದುದರಿಂದಲೇ ಈ ಮಹಾವ್ರತದ ಬಾಗಿಲಲ್ಲಿ ಆಚಾರ್ಯರು ಇರಿಸಿರುವ ಒಂದು ಪದವನ್ನು ಕುರಿತು ವಿಚಾರಮಾಡುವುದು ನಮ್ಮ ಕರ್ತವ್ಯವಾಗಿದೆ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ನಾಲ್ಕು ಸಂದರ್ಭಗಳನ್ನು ಹೇಳಿದ್ದಾರೆ: ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಆದರೆ ಅಷ್ಟಕ್ಕೇ ನಿಲ್ಲಿಸದೆ, ಅವು ‘ನಿಷ್ಪ್ರತೀಕಾರ’ವಾಗಿರಬೇಕು, ಪರಿಹಾರವಿಲ್ಲದವುಗಳಾಗಿರಬೇಕು ಎಂಬ ನಿಬಂಧನೆಯನ್ನೂ ಸೇರಿಸಿದ್ದಾರೆ. ಈ ನಿಬಂಧನೆ ಪೂರ್ಣವಾಯಿತೆಂದು ಹೇಳುವವರು ಯಾರು? ರೋಗಿಯ ವೈರಾಗ್ಯವೆ? ಮನೆಯವರ ದುಃಖವೆ? ಊರಿನವರ ಊಹೆಯೆ? ಅಥವಾ ರೋಗವನ್ನು ಬಲ್ಲವರ ಪರೀಕ್ಷೆಯೆ? ಪ್ರಶ್ನೆ ಚಿಕ್ಕದಾಗಿ ಕಂಡರೂ ಒಂದು ಜೀವದ ಅಳಿವು ಉಳಿವು ಅದರ ಉತ್ತರವನ್ನು ಅವಲಂಬಿಸಿದೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಯಲಬುರ್ಗಾ ಕಡೆಯ ಹಳ್ಳಿಯ ಶ್ರಾವಕರ ಮನೆ. ಎಪ್ಪತ್ತೈದು ದಾಟಿದ ಅಜ್ಜಿ. ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಎಂದೂ ತಪ್ಪಿಸಿದವರಲ್ಲ. ಕಿವಿಯ ಮುಂದೆ, ದವಡೆಯ ಕೀಲಿನ ಮೇಲೆ ಗಟ್ಟಿಯಾದ ಗಂಟೊಂದು ಕಾಣಿಸಿಕೊಂಡಿದೆ. ತಿಂಗಳುಗಳು ಕಳೆದಂತೆ ಅದು ಬೆಳೆದಿದೆ. ಬಾಯಿ ಪೂರ್ತಿ ತೆರೆಯದು, ಅಗಿದರೆ ನೋವು. ಭಾವಚಿತ್ರದಲ್ಲಿ ಗಂಟಿನೊಳಗೆ ಸುಣ್ಣದಂತಹ ಬಿಳುಪು, ಪಕ್ಕದ ಎಲುಬು ಸವೆದ ಗುರುತು. ನೋಡಿದವರೆಲ್ಲ ಅರ್ಬುದವೆಂದೇ ಪಿಸುನುಡಿಯುತ್ತಾರೆ. ಅಜ್ಜಿ ಮಗನನ್ನು ಕರೆದು ಹೇಳುತ್ತಾರೆ: “ತಮ್ಮಾ, ಇನ್ನ ನನ್ನ ದವಾಖಾನಿಗೆ ಅಡ್ಡಾಡಿಸಬ್ಯಾಡ್ರಿ. ಹೆಂಗೂ ಉಣ್ಣಾಕ ಆಗವಲ್ದು. ಮಹಾರಾಜರ ಕಡೆ ಕರಕೊಂಡು ಹೋಗ್ರಿ, ವ್ರತಾ ತಗೋತೀನಿ.” ಮಗನು ಏನು ಹೇಳಬೇಕು? ತಾಯಿಯ ಧರ್ಮಭಾವಕ್ಕೆ ಅಡ್ಡಬಂದರೆ ಪಾಪ. ಆತುರದಿಂದ ಒಪ್ಪಿದರೆ ಅದಕ್ಕಿಂತ ದೊಡ್ಡ ಪ್ರಮಾದವಾದೀತು ಎಂಬ ಅಳುಕು.

ಈ ಅಳುಕು ಅಕಾರಣವಾದುದಲ್ಲ. ಅರ್ಬುದದ ವೇಷವನ್ನು ತೊಟ್ಟು ಬರುವ ಒಂದು ಕೀಲುಬೇನೆ ಉಂಟು. ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಎಂಬ ಲವಣವು ಕೀಲಿನ ಮೃದ್ವಸ್ಥಿಯಲ್ಲಿ ಸೂಕ್ಷ್ಮವಾದ ಹರಳುಗಳಾಗಿ ಕಟ್ಟಿಕೊಳ್ಳುವುದೇ ಅದರ ಮೂಲ. ಅರವತ್ತರ ಮೇಲಿನ ವಯಸ್ಸಿನವರಲ್ಲಿ ಇದು ಹೆಚ್ಚು. ಹಿಂದೆ ಪೆಟ್ಟು ಬಿದ್ದ ಕೀಲುಗಳಲ್ಲಿಯೂ, ಕೆಲವು ಗ್ರಂಥಿದೋಷಗಳಲ್ಲಿಯೂ, ದೇಹದಲ್ಲಿ ಮೆಗ್ನೀಸಿಯಂ ಕಡಿಮೆಯಾದಾಗಲೂ ತೋರಬಹುದು. ಎಷ್ಟೋ ಜನರಿಗೆ ಹರಳಿದ್ದರೂ ನೋವಿರುವುದಿಲ್ಲ. ಕೆಲವರಿಗೆ ಮೊಣಕಾಲು ಅಥವಾ ಮಣಿಕಟ್ಟು ಒಮ್ಮೆಲೇ ಊದಿ, ಕೆಂಪಾಗಿ, ಮುಟ್ಟಗೊಡದಷ್ಟು ನೋಯುತ್ತದೆ. ನಮ್ಮ ವೈದ್ಯರು ವಾತರಕ್ತವೆಂದು ಕರೆದ ಗೌಟ್ ರೋಗವನ್ನು ಇದು ಹೋಲುವುದರಿಂದ ಇದಕ್ಕೆ ಹುಸಿ ಗೌಟ್ ಎಂಬ ಹೆಸರೂ ಬಂದಿತು. ಅತಿ ವಿರಳವಾಗಿ ಹರಳುಗಳು ಒಂದೆಡೆ ರಾಶಿಗೂಡಿ ಗೆಡ್ಡೆಯಂತೆ ಬೆಳೆಯುತ್ತವೆ. ದವಡೆಯ ಕೀಲು ಅದಕ್ಕೆ ಹೆಸರಾದ ಸ್ಥಾನ. ಬೆರಳು, ಸೊಂಟ, ಮೊಣಕಾಲು, ಕುತ್ತಿಗೆಯ ಎಲುಬುಗಳಲ್ಲಿಯೂ ಕಂಡುಬಂದಿದೆ. ಅದು ಎಲುಬನ್ನು ಸವೆಸಬಲ್ಲುದಾದ್ದರಿಂದ, ಮೃದ್ವಸ್ಥಿಯ ದುಷ್ಟ ಅರ್ಬುದವೆಂದು ನುರಿತ ವೈದ್ಯರೂ ಭ್ರಮಿಸಿದ ಸಂದರ್ಭಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ನಿಜವಾದ ಗೌಟಿನಲ್ಲಿ ಶೇಖರವಾಗುವ ಯೂರೇಟ್ ಹರಳಿನ ಗಂಟುಗಳೂ ಹೀಗೆಯೇ ಮೋಸಗೊಳಿಸುವುದುಂಟು.

ವೇಷವನ್ನು ಕಳಚುವ ಉಪಾಯವೂ ಇದೆ. ಕೀಲಿನೊಳಗಿನ ದ್ರವವನ್ನು ಸೂಜಿಯಿಂದ ತೆಗೆದು, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ ಹರಳನ್ನು ಗುರುತಿಸುವ ಕ್ರಮವನ್ನು ಅಮೆರಿಕದ ಮೆಕಾರ್ಟಿ ಎಂಬ ವೈದ್ಯರೂ ಅವರ ಸಂಗಡಿಗರೂ ೧೯೬೧-೬೨ರಲ್ಲಿ ತೋರಿಸಿಕೊಟ್ಟರು. ಯೂರೇಟ್ ಹರಳು ಸೂಜಿಯಂತೆ ಚೂಪು. ಪೈರೋಫಾಸ್ಫೇಟಿನದು ಮೊಂಡಾದ ಚೌಕದಂತೆ. ಒಂದೇ ದಿಕ್ಕಿಗೆ ಇರಿಸಿ ನೋಡಿದಾಗ ಮೊದಲನೆಯದು ಹಳದಿಯಾಗಿ, ಎರಡನೆಯದು ನೀಲಿಯಾಗಿ ಹೊಳೆಯುತ್ತದೆ. ಗಂಟಿನ ತುಣುಕನ್ನು ತೆಗೆದು ಪರೀಕ್ಷಿಸುವಲ್ಲಿ ಇನ್ನೊಂದು ಸೂಕ್ಷ್ಮವಿದೆ. ತುಣುಕನ್ನು ಕೆಡದಂತಿಡುವ ಫಾರ್ಮಲಿನ್ ದ್ರಾವಣದಲ್ಲಿ ಯೂರೇಟ್ ಹರಳು ಕರಗಿಹೋಗಬಹುದು. ಸುಣ್ಣದಂಶವನ್ನು ತೆಗೆಯಲು ಹಾಕುವ ಆಮ್ಲದಲ್ಲಿ ಪೈರೋಫಾಸ್ಫೇಟ್ ಹರಳು ಕರಗುತ್ತದೆ. ಹರಳಿರಬಹುದೇ ಎಂದು ಮೊದಲೇ ಸಂದೇಹಪಟ್ಟು, ಪರೀಕ್ಷಕರಿಗೆ ತಿಳಿಸದಿದ್ದರೆ, ಸತ್ಯದ ಸಾಕ್ಷಿಯು ಪರೀಕ್ಷೆಯ ನಡುವೆಯೇ ಅಳಿದುಹೋಗುವ ಸಂಭವವುಂಟು. ಆದುದರಿಂದ ಮನೆಯವರು ವೈದ್ಯರನ್ನು ವಿನಯದಿಂದ ಕೇಳಬೇಕಾದ ಒಂದು ಮಾತಿದೆ: ‘ಇದು ಹರಳಿನ ಗಂಟಾಗಿರಬಹುದೇ? ಅದನ್ನೂ ನೋಡಿಸುವಿರಾ?’

ಎಲ್ಲ ಗಂಟುಗಳೂ ಹರಳಿನವೆಂದು ಯಾರೂ ನೆಮ್ಮದಿಪಡಬಾರದು. ಅರ್ಬುದವೇ ಆಗಿರುವುದೂ ಉಂಟು. ಅದನ್ನು ತಡಮಾಡದೆ ಕಂಡುಹಿಡಿಯುವುದೂ ಅಷ್ಟೇ ಮುಖ್ಯ. ಆದರೆ ಹರಳೆಂದು ನಿಶ್ಚಯವಾದರೆ ರೋಗದ ಸ್ವರೂಪವೇ ಬೇರೆಯಾಯಿತು. ಗೌಟಿನ ಗಂಟುಗಳು ಯೂರಿಕ್ ಆಮ್ಲವನ್ನು ತಗ್ಗಿಸುವ ಔಷಧದಿಂದ ತಿಂಗಳು ವರ್ಷಗಳಲ್ಲಿ ಕರಗಬಲ್ಲವು. ಪೈರೋಫಾಸ್ಫೇಟ್ ಹರಳನ್ನು ಕರಗಿಸುವ ಔಷಧ ಇನ್ನೂ ಬಂದಿಲ್ಲವಾದರೂ ಊತ ನೋವುಗಳನ್ನು ಇಳಿಸುವ ಮದ್ದುಗಳಿವೆ. ಗೆಡ್ಡೆಯನ್ನು ಶಸ್ತ್ರದಿಂದ ತೆಗೆದು ಬಾಯಿ ಆಡುವಂತೆ ಮಾಡಲು ಸಾಧ್ಯವಿದೆ. ಅಂದಮೇಲೆ ಅಜ್ಜಿಯ ರೋಗವನ್ನು ನಿಷ್ಪ್ರತೀಕಾರವೆಂದು ಕರೆಯಲು ಬರುವುದೆ?

ಈ ಪ್ರಶ್ನೆಗೆ ಉತ್ತರ ಸಮಂತಭದ್ರ ಸ್ವಾಮಿಗಳ ಜೀವನದಲ್ಲಿಯೇ ಇದೆ. ಅವರು ಮುನಿಗಳಾಗಿದ್ದಾಗ ಭಸ್ಮಕವ್ಯಾಧಿ ತಗುಲಿತೆಂದು ಸಂಪ್ರದಾಯವು ಹೇಳುತ್ತದೆ. ಉಂಡುದೆಲ್ಲವೂ ಕ್ಷಣದಲ್ಲಿ ಬೂದಿಯಾಗುವಂತಹ ಹಸಿವು. ದಿನಕ್ಕೊಮ್ಮೆ ಪಾಣಿಪಾತ್ರದಲ್ಲಿ ಆಹಾರ ಸ್ವೀಕರಿಸುವ ಮುನಿಗೆ ಅದಕ್ಕಿಂತ ಘೋರವಾದ ಪರೀಷಹ ಇನ್ನಾವುದು? ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಕೊಡಲಿಲ್ಲ. ‘ನಿನ್ನಿಂದ ಧರ್ಮಕ್ಕೆ ಇನ್ನೂ ಮಹತ್ತಾದ ಕಾರ್ಯ ಆಗಬೇಕಾಗಿದೆ, ದೀಕ್ಷೆಯನ್ನು ಬಿಟ್ಟು ರೋಗವನ್ನು ಶಮನಮಾಡಿಕೊಂಡು ಬಾ’ ಎಂಬ ಅಭಿಪ್ರಾಯದ ಆಜ್ಞೆಯನ್ನಿತ್ತರು. ಆ ಮಹಾನುಭಾವರು ಪ್ರಾಣಕ್ಕಿಂತ ಹೆಚ್ಚಾದ ಮುನಿವೇಷವನ್ನೇ ಇಳಿಸಿ ಹೊರಟರು. ಹೋದದ್ದು ಕಾಶಿಗೋ ಕಂಚಿಗೋ ಎಂಬುದರಲ್ಲಿ ಕಥೆಗಳಲ್ಲಿ ಭೇದವಿದೆ. ರೋಗ ಶಮನವಾದ ಮೇಲೆ ಮತ್ತೆ ದೀಕ್ಷೆ ಪಡೆದರು ಎಂಬಲ್ಲಿ ಭೇದವಿಲ್ಲ. ಅಂದು ಗುರುಗಳು ಒಪ್ಪಿದ್ದರೆ ಸ್ವಯಂಭೂಸ್ತೋತ್ರವಾಗಲಿ ರತ್ನಕರಂಡಕವಾಗಲಿ ನಮ್ಮ ಪಾಲಿಗೆ ಎಲ್ಲಿರುತ್ತಿತ್ತು? ಸಲ್ಲೇಖನವನ್ನು ಬೇಡಿ ಪಡೆಯದವರ ಲೇಖನಿಯಿಂದಲೇ ಆ ನಿಬಂಧನೆ ಹೊರಟಿದೆ. ಅದರ ಹಿಂದೆ ಅನುಭವದ ಭಾರವಿದೆಯೆಂದು ಭಾವಿಸುವುದು ಅಸಂಗತವಾಗಲಾರದು.

ಪೂಜ್ಯಪಾದ ಸ್ವಾಮಿಗಳು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ದೃಷ್ಟಾಂತವೂ ಇದನ್ನೇ ಸಮರ್ಥಿಸುತ್ತದೆ. ವ್ಯಾಪಾರಿಯೊಬ್ಬನು ಬೆಲೆಯುಳ್ಳ ಸರಕನ್ನು ತುಂಬಿದ ತನ್ನ ಮನೆ ನಾಶವಾಗಲೆಂದು ಬಯಸುವುದಿಲ್ಲ. ಮನೆಗೆ ಅಪಾಯ ಬಂದರೆ ಮೊದಲು ಯಥಾಶಕ್ತಿ ಅದನ್ನು ನಿವಾರಿಸಲು ಯತ್ನಿಸುತ್ತಾನೆ. ನಿವಾರಿಸಲು ಆಗದೆಂದು ಕಂಡಾಗ ಮನೆಯನ್ನು ಬಿಟ್ಟು ಸರಕನ್ನು ಉಳಿಸಿಕೊಳ್ಳುತ್ತಾನೆ. ಇಲ್ಲಿ ದೇಹವೇ ಮನೆ, ವ್ರತಶೀಲಗಳೇ ಸರಕು. ಈ ದೃಷ್ಟಾಂತದ ಎರಡನೆಯ ಭಾಗವನ್ನು ನಾವು ಚೆನ್ನಾಗಿ ನೆನಪಿಟ್ಟಿದ್ದೇವೆ, ಮೊದಲನೆಯದನ್ನು ಮರೆಯುತ್ತೇವೆ. ಹೊಗೆ ಕಂಡೊಡನೆ ಮನೆಬಿಟ್ಟು ಓಡುವವನು ವಿವೇಕಿಯಲ್ಲ. ಅದು ಬೆಂಕಿಯ ಹೊಗೆಯೋ, ಅಡಿಗೆಯ ಒಲೆಯ ಹೊಗೆಯೋ ಎಂದು ನೋಡಬೇಕಷ್ಟೆ.

ಇಲ್ಲಿ ಕೆಲವು ಧರ್ಮಬಂಧುಗಳು ಆಕ್ಷೇಪಿಸಬಹುದು. ‘ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನವೇ ನಮ್ಮ ಧರ್ಮದ ಸಾರ. ದೇಹದ ಗಂಟನ್ನು ಸೂಜಿಯಿಂದ ಚುಚ್ಚಿಸಿ, ಭಾವಚಿತ್ರ ತೆಗೆಸಿ, ಊರೂರು ಅಲೆಯುವುದು ದೇಹಮೋಹವಲ್ಲವೆ? ವ್ರತಕ್ಕೆ ಮನಸ್ಸು ಹದವಾಗಿರುವಾಗಲೇ ಅದನ್ನು ಕೈಗೊಳ್ಳುವುದು ಲೇಸಲ್ಲವೆ?’ ಈ ಮಾತಿನಲ್ಲಿ ತೂಕವಿದೆ, ತಳ್ಳಿಹಾಕುವಂತಹುದಲ್ಲ. ಬದುಕಬೇಕೆಂಬ ಆಸೆಯಿಂದ ಚಿಕಿತ್ಸೆಯ ಬೆನ್ನುಹತ್ತಿ ಕಡೆಯ ಗಳಿಗೆಯವರೆಗೂ ಧರ್ಮವನ್ನು ಮರೆತವರನ್ನು ನಾವು ಕಂಡಿಲ್ಲವೆ?

ಆದರೆ ಆಚಾರ್ಯರು ಸಲ್ಲೇಖನದ ಐದು ಅತಿಚಾರಗಳನ್ನು ಹೇಳುವಾಗ ಜೀವಿತಾಶಂಸೆಯ ಪಕ್ಕದಲ್ಲಿಯೇ ಮರಣಾಶಂಸೆಯನ್ನೂ ಇರಿಸಿದ್ದಾರೆ. ಬದುಕಬೇಕೆಂಬ ಹಂಬಲ ಹೇಗೆ ದೋಷವೋ, ಬೇಗ ಸಾಯಬೇಕೆಂಬ ಹಂಬಲವೂ ಹಾಗೆಯೇ ದೋಷ. ನೋವನ್ನು ತಾಳಲಾರದೆ, ಮಕ್ಕಳಿಗೆ ಭಾರವಾದೆನೆಂಬ ಬೇಸರದಿಂದ, ಅರ್ಬುದವೆಂಬ ಹೆಸರಿನ ಭಯದಿಂದ ವ್ರತವನ್ನು ಬಯಸಿದರೆ, ಹೊರಗೆ ತ್ಯಾಗವಾಗಿ ಕಾಣುವುದು ಒಳಗೆ ಕಷಾಯವೇ ಆಗಿರಬಹುದು. ಸಲ್ಲೇಖನವೆಂದರೆ ಕಾಯವನ್ನು ಮಾತ್ರವಲ್ಲ, ಕಷಾಯವನ್ನೂ ಕೃಶಗೊಳಿಸುವುದು. ರೋಗವಿರುವಂತೆ ರೋಗವನ್ನು ತಿಳಿಯುವುದು ಬದುಕಿನ ಆಸೆಯೂ ಅಲ್ಲ, ಮರಣದ ಆಸೆಯೂ ಅಲ್ಲ. ಅದು ಕೇವಲ ಜ್ಞಾನ. ರತ್ನತ್ರಯದಲ್ಲಿ ಸಮ್ಯಗ್ಜ್ಞಾನವು ಸಮ್ಯಕ್ಚಾರಿತ್ರಕ್ಕಿಂತ ಮೊದಲು ಬರುತ್ತದೆ. ವೈರಾಗ್ಯವು ಎಷ್ಟೇ ನಿರ್ಮಲವಾಗಿರಲಿ, ಹರಳನ್ನು ಅದು ಅರ್ಬುದವನ್ನಾಗಿ ಮಾಡಲಾರದು. ಸಂಕಲ್ಪ ಮಾಡುವ ಅಧಿಕಾರ ಆತ್ಮನದು. ರೋಗಕ್ಕೆ ಪ್ರತೀಕಾರವಿದೆಯೋ ಇಲ್ಲವೋ ಎಂಬುದು ಸಂಕಲ್ಪದಿಂದ ತೀರುವ ವಿಷಯವಲ್ಲ.

ಚಿಕಿತ್ಸೆಯೆಂಬುದು ಧರ್ಮಕ್ಕೆ ಹೊರಗಿನದಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಗಳಿವೆ. ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ರೋಗಿಯಾದ ಮುನಿಯ ಸೇವೆಯನ್ನೊಳಗೊಂಡ ವೈಯಾವೃತ್ತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಸೇರಿದೆ. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಬರೆದು, ಮದ್ಯ ಮಾಂಸ ಮಧುಗಳಿಲ್ಲದೆಯೇ ಚಿಕಿತ್ಸೆ ನಡೆಯಬಲ್ಲುದೆಂದು ತೋರಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಅದೇ ಹೆಸರಿನ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ರೋಗವನ್ನು ಅಲಕ್ಷಿಸುವುದೇ ವೈರಾಗ್ಯವಾಗಿದ್ದರೆ ವಿರಾಗಿಗಳು ವೈದ್ಯಗ್ರಂಥಗಳನ್ನು ಏಕೆ ಬರೆಯುತ್ತಿದ್ದರು? ಇಂದಿನ ಚಿಕಿತ್ಸೆಯಲ್ಲಿಯೂ ವ್ರತಿಗಳು ತಮ್ಮ ನಿಯಮವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ರಾತ್ರಿ ಬಾಯಿಗೆ ಏನನ್ನೂ ಹಾಕುವುದಿಲ್ಲವೆಂದರೆ ಹಲವು ಮದ್ದುಗಳನ್ನು ಹಗಲಿಗೆ ಹೊಂದಿಸಬಹುದು. ಪ್ರಾಣಿಜನ್ಯವಾದ ಜೆಲಟಿನ್ ಹೊದಿಕೆಯ ಬದಲು ಬೇರೆ ರೂಪದ ಮದ್ದು ಇದೆಯೇ ಎಂದು ಕೇಳಬಹುದು.

ಹಾಗಾದರೆ ಅಜ್ಜಿಯ ಧರ್ಮಭಾವವನ್ನು ಪರೀಕ್ಷೆಯ ಫಲ ಬರುವವರೆಗೆ ಒಣಗಲು ಬಿಡಬೇಕೆ? ಬೇಕಾಗಿಲ್ಲ. ಯಾವಜ್ಜೀವವಾದ ತ್ಯಾಗವನ್ನು ಯಮವೆಂದೂ, ಕಾಲದ ಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ನಮ್ಮವರು ವಿಂಗಡಿಸಿದ್ದಾರೆ. ಅಕಂಪನಾಚಾರ್ಯರೂ ಅವರ ಸಂಘದ ಏಳುನೂರು ಮುನಿಗಳೂ ಹಸ್ತಿನಾಪುರದಲ್ಲಿ ಬೆಂಕಿ ಹೊಗೆಗಳ ಉಪಸರ್ಗಕ್ಕೆ ಸಿಲುಕಿದಾಗ, ಅದು ತೀರುವವರೆಗೆ ಆಹಾರವನ್ನು ತ್ಯಜಿಸಿ ಧ್ಯಾನಸ್ಥರಾದರು. ವಿಷ್ಣುಕುಮಾರ ಮುನಿಗಳಿಂದ ಉಪಸರ್ಗ ಕಳೆಯಿತು. ಹೊಗೆಯಿಂದ ಗಂಟಲು ನೊಂದಿದ್ದ ಮುನಿಗಳಿಗೆ ಶ್ರಾವಕರು ಮೃದುವಾದ ಆಹಾರವನ್ನು ಕೊಟ್ಟರು, ಅವರು ಸ್ವೀಕರಿಸಿದರು. ಪ್ರತೀಕಾರ ದೊರೆತ ಮೇಲೆ ಆಹಾರವನ್ನು ಸ್ವೀಕರಿಸಿದ್ದರಿಂದ ಅವರ ತಪಸ್ಸು ಕುಂದಿತೆ? ಅಂತೆಯೇ ಅಜ್ಜಿಯೂ ‘ಪರೀಕ್ಷೆಯ ಫಲ ತಿಳಿಯುವವರೆಗೆ ಇಂತಿಂಥ ರಸವನ್ನು ಬಿಡುತ್ತೇನೆ, ಇಷ್ಟು ಜಪ ಮಾಡುತ್ತೇನೆ’ ಎಂದು ಗುರುಗಳ ಮುಂದೆ ನಿಯಮವನ್ನು ತೆಗೆದುಕೊಳ್ಳಬಹುದು. ಮನಸ್ಸಿನ ಹದವೂ ಉಳಿಯುತ್ತದೆ, ಆತುರವೂ ತಪ್ಪುತ್ತದೆ.

ಇದೇ ಸಂದರ್ಭದಲ್ಲಿ ಉಪವಾಸಕ್ಕೂ ಹರಳಿಗೂ ಇರುವ ಸಂಬಂಧವನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. ಆಹಾರವನ್ನು ಪೂರ್ತಿ ಬಿಟ್ಟಾಗ ದೇಹವು ತನ್ನ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. ಆಗ ಹುಟ್ಟುವ ಕೀಟೋನುಗಳೆಂಬ ವಸ್ತುಗಳು ಮೂತ್ರಪಿಂಡದಿಂದ ಯೂರಿಕ್ ಆಮ್ಲ ಹೊರಹೋಗುವುದನ್ನು ತಡೆಯುತ್ತವೆ. ನೀರನ್ನೂ ಬಿಟ್ಟರೆ ಇದು ಇನ್ನಷ್ಟು ಹೆಚ್ಚುತ್ತದೆ. ಗೌಟ್ ಇರುವವರಿಗೆ ದಶಲಕ್ಷಣ ಪರ್ವದ ಉಪವಾಸದ ನಡುವೆಯೇ ಹೆಬ್ಬೆರಳೋ ಮೊಣಕಾಲೋ ಊದಿಕೊಂಡರೆ ಅದು ಅಶುಭದ ಸೂಚನೆಯಲ್ಲ, ಹರಳಿನ ಕಾರ್ಯ. ಇಂತಹವರು ತಪಸ್ಸನ್ನೇ ಬಿಡಬೇಕಾಗಿಲ್ಲ. ಷೋಡಶ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿಗೆ ತಕ್ಕಂತೆ ಎಂಬ ಮಾತನ್ನು ಸೇರಿಸಿಯೇ ಹೇಳಿದ್ದಾರೆ. ಬಾಹ್ಯ ತಪಸ್ಸುಗಳು ಆರು. ಅನಶನ ಅವುಗಳಲ್ಲಿ ಒಂದು ಮಾತ್ರ. ಏಕಾಶನ, ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ, ತುಪ್ಪ ಸಕ್ಕರೆ ಉಪ್ಪುಗಳನ್ನು ಬಿಡುವ ರಸಪರಿತ್ಯಾಗ ಇವೆಲ್ಲವೂ ತಪಸ್ಸೇ ಆಗಿವೆ.

ನಮ್ಮ ಕಡೆಯವರು ಅರಿಯಬೇಕಾದ ಮತ್ತೊಂದು ಸಂಗತಿಯುಂಟು. ಕುಷ್ಟಗಿ ಯಲಬುರ್ಗಾ ಕಡೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಅದು ಲೀಟರಿಗೆ ೧.೫ ಮಿಲಿಗ್ರಾಂ ಮೀರಬಾರದೆಂದು ಮಿತಿಯಿದೆ. ಮಿತಿಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಬೆನ್ನು ಮಂಡಿಗಳು ಬಿಗಿದು ಬಾಗಲಾರದಂತಾಗುತ್ತವೆ. ಅದನ್ನೂ ವಯಸ್ಸಿನ ಮೇಲೆಯೋ ವಾಯುವಿನ ಮೇಲೆಯೋ ಹೊರಿಸಿ ಸುಮ್ಮನಾಗುತ್ತೇವೆ. ನಾವು ನೀರನ್ನು ಬಟ್ಟೆಯಿಂದ ಸೋಸುವುದು ಜೀವದಯೆಗಾಗಿ. ಅದು ಶ್ರೇಷ್ಠವಾದ ಆಚಾರ. ಆದರೆ ಸೋಸುವುದರಿಂದಾಗಲಿ ಕಾಯಿಸುವುದರಿಂದಾಗಲಿ ಫ್ಲೋರೈಡ್ ಹೋಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸುವುದೂ ಸ್ವಜೀವದಯೆಯೇ ಸರಿ. ನೋವು ಒಂದೇ ಆದರೂ ಕಾರಣಗಳು ಬೇರೆ ಬೇರೆ. ಕಾರಣವನ್ನು ಅರಿಯದೆ ಫಲವನ್ನು ನಿರ್ಣಯಿಸಬಾರದು.

ಇಷ್ಟೆಲ್ಲ ಹೇಳಿದುದು ಸಲ್ಲೇಖನಕ್ಕೆ ಅಡ್ಡಿಯನ್ನು ಒಡ್ಡುವುದಕ್ಕಲ್ಲ. ಪರೀಕ್ಷೆಯಿಂದ ರೋಗವು ನಿಜವಾಗಿಯೂ ಮೀರಿದುದೆಂದು ತಿಳಿದಾಗ, ಕೊಳವೆ ಯಂತ್ರಗಳ ನಡುವೆ ಹಿರಿಯರನ್ನು ಕಟ್ಟಿಹಾಕಿ ಅವರ ಕಡೆಯ ದಿನಗಳಿಂದ ಣಮೋಕಾರವನ್ನು ಕಸಿಯುವುದು ಮಕ್ಕಳಿಗೆ ತಕ್ಕುದಲ್ಲ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದಲ್ಲಿ ಜನಿಸಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ೧೯೫೫ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಕೈಗೊಂಡುದು ಕಣ್ಣು ಮಂದವಾದಾಗ. ನೆಲ ಕಾಣದೆ ನಡೆದರೆ, ಕೈಯೊಳಗಿನ ಅನ್ನ ಕಾಣದೆ ಉಂಡರೆ ಅಹಿಂಸಾವ್ರತ ಉಳಿಯದು ಎಂಬುದು ಅವರಿಗಿದ್ದ ಕಾರಣ. ಅಲ್ಲಿ ಆತುರವಿರಲಿಲ್ಲ, ಭಯವಿರಲಿಲ್ಲ. ಕಾರಣ ಸ್ಪಷ್ಟವಾಗಿತ್ತು, ಇಡೀ ಸಮಾಜದ ಕಣ್ಣೆದುರಿಗಿತ್ತು. ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮನಾಗಿ ಕಂಡಾಗ ನಾವೆಲ್ಲ ನೊಂದೆವು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯನ್ನಿತ್ತಿತು. ಆತ್ಮಹತ್ಯೆಗೂ ಸಲ್ಲೇಖನಕ್ಕೂ ಅಜಗಜಾಂತರವಿದೆ ಎಂದು ಹೊರಗಿನವರಿಗೆ ಹೇಳುವ ನಾವು, ಆ ಅಂತರವನ್ನು ಕಾಯುವ ಹೊಣೆಯನ್ನು ಮನೆಯೊಳಗೂ ಹೊರಬೇಕು. ನಿಷ್ಪ್ರತೀಕಾರವೆಂಬ ನಿಬಂಧನೆಯೇ ಆ ಅಂತರದ ಗಡಿಗಲ್ಲು.

ಆದುದರಿಂದ ಯಲಬುರ್ಗಾದ ಆ ಮಗನು ತಾಯಿಯ ಕೈ ಹಿಡಿದು ಹೇಳಬೇಕಾದುದು ಇಷ್ಟೆ: “ಅವ್ವಾ, ಮಹಾರಾಜರ ಕಡೆ ಹೋಗೂಣು. ಆದ್ರ ಅವರು ಮೊದಲ ಕೇಳೋದು ಇದನ್ನ: ‘ಬ್ಯಾನಿ ಏನಂತ ತಿಳಕೊಂಡು ಬಂದೀರೇನು?’ ಅದಕ್ಕ ಉತ್ತರಾ ತಗೊಂಡ ಹೋಗೂಣು.” ತಾಯಿ ಒಪ್ಪಿಯಾರು. ಉತ್ತರ ಹರಳೆಂದು ಬಂದರೆ ಇನ್ನಷ್ಟು ಚಾತುರ್ಮಾಸಗಳ ಧರ್ಮಸಾಧನೆ ಅವರಿಗೆ ಲಭಿಸುತ್ತದೆ. ಅರ್ಬುದವೆಂದೇ ಬಂದು ಪ್ರತೀಕಾರವಿಲ್ಲವೆಂದು ತಿಳಿದರೆ, ಅವರು ಕೈಗೊಳ್ಳುವ ವ್ರತಕ್ಕೆ ಸಂದೇಹದ ಕಲೆ ತಾಗುವುದಿಲ್ಲ. ಎರಡರಲ್ಲಿ ಯಾವುದಾದರೂ ಧರ್ಮಕ್ಕೆ ಹಾನಿಯಿಲ್ಲ. ಕೊಪಣದ ಬಂಡೆಗಳ ಮೇಲೆ ಹೆಸರುಳಿಸಿಹೋದ ಮಹಾತ್ಮರ ಹಾದಿಯಲ್ಲಿ ನಡೆಯಬಯಸುವ ನಮಗೆಲ್ಲ ಅರಿತು ತ್ಯಜಿಸುವ ಆ ವಿವೇಕವು ಲಭಿಸಲಿ ಎಂದು ಜಿನೇಶ್ವರನ ಚರಣಗಳಲ್ಲಿ ಪ್ರಾರ್ಥಿಸೋಣ.